ಮೀಟರ್‌ನಲ್ಲಿ 25 ವೋಲ್ಟ್ ಇತ್ತು, ಎಂಜಿನ್ ತಿರುಗಲಿಲ್ಲ

ಆಗಸ್ಟ್ ಕೊನೆಯ ವಾರ. ಮಲ್ಪೆ ದಕ್ಕೆಯಲ್ಲಿ (ಮೀನುಗಾರಿಕೆ ಬಂದರಿನಲ್ಲಿ) ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ಮಧ್ಯಾಹ್ನ ಮೂರು ಗಂಟೆಗೆ ಮೀನಿನ ಬೋಟ್ ನಡೆಸುವ ತಾಂಡೇಲರ ಫೋನ್ ಬಂತು. "ಮಾರಾಯ್ರೆ, ಐಸ್ ತುಂಬಿಸಿ ಆಗಿದೆ, ಡೀಸೆಲ್ ಆಗಿದೆ, ಜನ ಎಲ್ಲ ಹತ್ತಿದ್ದಾರೆ. ಎಂಜಿನ್ ಮಾತ್ರ ತಿರುಗುವುದಿಲ್ಲ. ಸ್ವಲ್ಪ ಬಂದು ನೋಡ್ತೀರಾ?"

ಐಸ್ ತುಂಬಿಸಿದ ಬೋಟ್ ಅಂದರೆ ಗಡಿಯಾರ ಓಡುತ್ತಿದೆ ಎಂದೇ ಲೆಕ್ಕ. ಕರಗಿದ ಐಸ್‌ಗೆ ಯಾರೂ ದುಡ್ಡು ವಾಪಸ್ ಕೊಡುವುದಿಲ್ಲ. ಮೀಟರ್, ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್, ಸ್ಪ್ಯಾನರ್ ಚೀಲ ತಗೊಂಡು ಹೊರಟೆ.

ಆ ದಿನ ಸಿಕ್ಕಿದ್ದು ಒಂದು ದೋಷ ಅಲ್ಲ, ಮೂರು. ಮೂರೂ ಒಂದರ ಹಿಂದೆ ಒಂದು ಅಡಗಿದ್ದವು. ಬೋಟಿನ ವೈರಿಂಗ್ ಮಾಡುವವರಿಗೂ, ಸಮುದ್ರದ ಮೇಲೆ ಅದನ್ನೇ ನಂಬಿಕೊಂಡು ಹೋಗುವವರಿಗೂ ಉಪಯೋಗ ಆಗಲಿ ಅಂತ ಅವತ್ತಿನ ರೀಡಿಂಗ್ ಸಮೇತ ಬರೆಯುತ್ತಿದ್ದೇನೆ.

ಬೋಟಿನ ಹಿನ್ನೆಲೆ

ಹತ್ತು ದಿನದ ಟ್ರಿಪ್ ಹೋಗುವ ಆಳಸಮುದ್ರದ ಟ್ರಾಲ್ ಬೋಟ್ ಇದು. ಆರು ಸಿಲಿಂಡರ್ ಡೀಸೆಲ್ ಎಂಜಿನ್, ಅದನ್ನು ತಿರುಗಿಸಿ ಎಬ್ಬಿಸಲು 24 ವೋಲ್ಟಿನ ಮೋಟಾರ್, ಅಂದರೆ ಸ್ಟಾರ್ಟರ್. 12 ವೋಲ್ಟಿನ, 180 ಆಂಪಿಯರ್-ಅವರ್‌ನ ಎರಡು ಬ್ಯಾಟರಿಗಳನ್ನು ಸೀರೀಸ್‌ನಲ್ಲಿ (ವೋಲ್ಟ್ ಕೂಡುವಂತೆ ಒಂದರ ಹಿಂದೆ ಒಂದು) ಜೋಡಿಸಿದ್ದಾರೆ. ಬ್ಯಾಟರಿಯ ಪಾಸಿಟಿವ್ ಕೇಬಲ್ ಮೇನ್ ಸ್ವಿಚ್ ದಾಟಿ ಸ್ಟಾರ್ಟರ್‌ಗೆ ಬರುತ್ತದೆ. ನೆಗೆಟಿವ್ ಕೇಬಲ್ ನೇರವಾಗಿ ಎಂಜಿನ್ ಬ್ಲಾಕಿನ ಒಂದು ಬೋಲ್ಟ್‌ಗೆ ಬರುತ್ತದೆ.

ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರೀಕೃತ ಬೋಟ್‌ಗಳು ಕಡಲಿಗೆ ಇಳಿಯುವಂತಿಲ್ಲ. ವರ್ಷದ ರಿಪೇರಿ ಎಲ್ಲ ಆ ರಜೆಯಲ್ಲೇ ಆಗಬೇಕು. ಈ ಬೋಟನ್ನೂ ಮೇಲೆ ಎಳೆದು, ಹಲಗೆ ಸಂದು ತುಂಬಿ, ಬಣ್ಣ ಬಳಿದಿದ್ದರು. ಎಂಜಿನ್ನನ್ನೂ ತೊಳೆದು ಹೊಸದರ ಹಾಗೆ ಪೇಂಟ್ ಮಾಡಿದ್ದರು. ಆ ಪೇಂಟಿನ ಮಾತು ಮುಂದೆ ಬರುತ್ತದೆ.

ಜುಲೈ ಕೊನೆಗೆ ಟ್ರಯಲ್ ನೋಡಿದಾಗ ಎಂಜಿನ್ ಒಂದೇ ಸಲ ಸೆಲ್ಫ್ ಹೊಡೆದದ್ದಕ್ಕೆ (ಸ್ಟಾರ್ಟರ್ ತಿರುಗಿಸಿದ್ದಕ್ಕೆ) ಎದ್ದಿತ್ತಂತೆ. ಆಗಸ್ಟಿನ ಮೊದಲ ಟ್ರಿಪ್‌ನಲ್ಲಿ, ಮೂರನೇ ರಾತ್ರಿ, ಲಂಗರು ಹಾಕಿ ಎಂಜಿನ್ ನಿಲ್ಲಿಸಿದ್ದರು. ಬೆಳಿಗ್ಗೆ ಸೆಲ್ಫ್ ಹೊಡೆದರೆ ಟಕ ಟಕ ಟಕ ಅಂತ ಸದ್ದು ಅಷ್ಟೇ. ಇಪ್ಪತ್ತು ಮಾರು ಆಳದ ನೀರಿನಲ್ಲಿ, ಆಗಸ್ಟಿನ ಗಾಳಿಯಲ್ಲಿ, ಎಂಜಿನ್ ಇಲ್ಲದ ಬೋಟು. ವೈರ್‌ಲೆಸ್ ಕೆಲಸ ಮಾಡುತ್ತಿತ್ತು, ಪುಣ್ಯ. ಜೊತೆಗೆ ಹೋಗಿದ್ದ ಬೋಟಿನವರು ಬಂದು ಎಳೆದುಕೊಂಡು ತಂದರು. ತಾಂಡೇಲರು ಇದನ್ನು ಹೇಳುವಾಗ ಬೋಟಿನಲ್ಲಿದ್ದ ಎಂಟು ಜನರಲ್ಲಿ ಯಾರೂ ಮಾತಾಡಲಿಲ್ಲ. ವೈರಿಂಗ್ ಕೆಲಸವನ್ನು ನಾನು ಸಣ್ಣ ಕೆಲಸ ಅಂತ ಯಾವತ್ತೂ ಅಂದುಕೊಳ್ಳದೇ ಇರುವುದು ಇಂಥ ಮಾತು ಕೇಳಿ ಕೇಳಿ.

ದಕ್ಕೆಗೆ ಬಂದ ಮೇಲೆ ಮಾಲೀಕರು ಎರಡೂ ಬ್ಯಾಟರಿ ಹೊಸದು ಹಾಕಿಸಿದರು. ಸ್ಟಾರ್ಟರ್ ಬಿಚ್ಚಿಸಿ ಬ್ರಷ್, ಬುಷ್, ಸೊಲೆನಾಯ್ಡ್ (ಮೋಟಾರಿಗೆ ಕರೆಂಟ್ ಸೇರಿಸುವ ವಿದ್ಯುತ್ಕಾಂತದ ಸ್ವಿಚ್) ಬದಲಿಸಿದರು. ಎಂಜಿನ್ ಎದ್ದಿತು. ಎರಡನೇ ಟ್ರಿಪ್ ಹೇಗೋ ಮುಗಿಯಿತು, ಆದರೆ ದಿನ ಹೋದಂತೆ ಸೆಲ್ಫ್ ನಿಧಾನ ಆಗುತ್ತಾ ಬಂತು. ಈಗ ಮೂರನೇ ಟ್ರಿಪ್‌ಗೆ ಹೊರಡುವಾಗ ಮತ್ತೆ ಅದೇ ಟಕ ಟಕ.

ಸುಟ್ಟ ತೆಳು ವೈರ್

ನಾನು ಹೋಗುವ ಮೊದಲೇ ಇನ್ನೊಬ್ಬ ಎಲೆಕ್ಟ್ರಿಷಿಯನ್ ಬಂದು ನೋಡಿ ಹೋಗಿದ್ದರು. ಬ್ಯಾಟರಿಯಲ್ಲಿ 25.1 ವೋಲ್ಟ್ ಇದೆ, ಸ್ಟಾರ್ಟರ್ ಬೋಲ್ಟಿನಲ್ಲೂ 25.1 ಇದೆ, ಕೇಬಲ್ ತುಂಡಾಗಿಲ್ಲ ಅಂತ ಮೀಟರ್ ಕೊಡುವ ಕಂಟಿನ್ಯುಟಿ ಬೀಪ್ ಬರುತ್ತದೆ, ಟೆಸ್ಟ್ ಲ್ಯಾಂಪ್ ಫುಲ್ ಉರಿಯುತ್ತದೆ, ಹಾಗಾಗಿ ಕೇಬಲ್ ಸರಿ ಇದೆ, ಸ್ಟಾರ್ಟರ್ ಮತ್ತೆ ಬಿಚ್ಚಬೇಕು ಅಂದಿದ್ದರು. ರೀಡಿಂಗ್ ಒಂದೂ ತಪ್ಪಲ್ಲ, ತೀರ್ಮಾನ ಮಾತ್ರ ತಪ್ಪು. ಯಾಕೆ ಅಂತ ನೋಡೋಣ.

ಎಂಜಿನ್ ರೂಮಿಗೆ ಇಳಿದ ಕೂಡಲೇ ಮೀಟರ್ ತೆಗೆಯಲಿಲ್ಲ. ಮೊದಲು ಕಣ್ಣು, ಮೂಗು, ಕೈ. ಟಾರ್ಚ್ ಹಿಡಿದು ನೋಡುತ್ತಾ ಹೋದಾಗ ಮೀಟರ್ ಪ್ಯಾನೆಲಿನಿಂದ ಎಂಜಿನ್ನಿಗೆ ಬರುವ ಒಂದು ಕಪ್ಪು ವೈರ್ ಕಂಡಿತು. 2.5 ಚದರ ಎಂಎಂನ ತೆಳು ವೈರ್. ಹೊಸದು. ಆದರೂ ಮೇಲಿನ ಪ್ಲಾಸ್ಟಿಕ್ ಅಲ್ಲಲ್ಲಿ ಉಬ್ಬಿ ಮೆತ್ತಗಾಗಿ ಪಕ್ಕದ ವೈರ್‌ಗೆ ಅಂಟಿತ್ತು. ಕೇಳಿದೆ. "ಅದು ಎರಡು ಸಲ ಸುಟ್ಟಿತ್ತು. ಶಾರ್ಟ್ ಇದೆ ಅಂತ ಬದಲಿಸಿದ್ದಾರೆ" ಅಂದರು.

ಅಲ್ಲೇ ನನಗೆ ಅರ್ಧ ಕಥೆ ಗೊತ್ತಾಯಿತು. ಆಯಿಲ್ ಪ್ರೆಶರ್, ಟೆಂಪರೇಚರ್ ಮೀಟರ್‌ಗೆ ನೆಗೆಟಿವ್ ಕೊಡುವ ಪಾಪದ ವೈರ್ ಅದು. ಒಂದೆರಡು ಆಂಪಿಯರ್ ಕೂಡ ಅದರಲ್ಲಿ ಹರಿಯುವುದಿಲ್ಲ. ಅದು ಬಿಸಿಯಾಗಿ ಕರಗುತ್ತದೆ ಅಂದರೆ ಬೇರೆ ಯಾರದೋ ಕರೆಂಟ್ ಅದರ ಮೇಲೆ ಹೋಗುತ್ತಿದೆ. ಎಂಜಿನ್ನಿನಿಂದ ಬ್ಯಾಟರಿ ನೆಗೆಟಿವ್‌ಗೆ ವಾಪಸ್ ಹೋಗುವ ದೊಡ್ಡ ದಾರಿ ಮುಚ್ಚಿದೆ. ಸ್ಟಾರ್ಟರ್‌ನ ಕರೆಂಟ್ ಸಿಕ್ಕ ಗಲ್ಲಿಯಲ್ಲಿ ನುಗ್ಗಿದೆ.

ಲಾರಿ ಕೆಲಸದಿಂದ ಬೋಟ್ ಕೆಲಸಕ್ಕೆ ಬಂದವರು ಎಡವುವುದು ಇಲ್ಲಿಯೇ. ಲಾರಿಯಲ್ಲಿ ಚಾಸಿಸ್ ಇಡೀ ಕಬ್ಬಿಣ. ಒಂದು ಅರ್ತ್ (ನೆಗೆಟಿವ್ ಜೋಡಣೆ) ಕೆಟ್ಟರೂ ಇನ್ನೊಂದು ಕಡೆಯಿಂದ ಕರೆಂಟ್ ದಾರಿ ಹುಡುಕಿಕೊಳ್ಳುತ್ತದೆ. ಮರದ ಬೋಟ್, ಫೈಬರ್ ಬೋಟ್ ಹಾಗಲ್ಲ. ಎಂಜಿನ್ ಮರದ ಮೇಲೆ ಕೂತ ಒಂದು ಒಂಟಿ ಕಬ್ಬಿಣದ ದ್ವೀಪ. ಅದಕ್ಕೆ ಇರುವುದು ಒಂದೇ ಸೇತುವೆ, ಆ ನೆಗೆಟಿವ್ ಕೇಬಲ್.

ಲೋಡ್ ಕೊಟ್ಟು ನೋಡಿದಾಗ

ಮೊದಲು ಹ್ಯಾಚ್ ತೆರೆಸಿ ಗಾಳಿ ಬಿಡಿಸಿದೆ. ಬ್ಯಾಟರಿ ಇರುವ ಜಾಗದಲ್ಲಿ ಹೈಡ್ರೋಜನ್ ನಿಂತಿರುತ್ತದೆ, ಒಂದು ಕಿಡಿ ಸಾಕು. ಕೈಯ ಉಂಗುರ ತೆಗೆದು ಜೇಬಿಗೆ ಹಾಕಿದೆ. ಬೋಟಿನ ಕೆಲಸಕ್ಕಿದ್ದ ಒಬ್ಬ ಕಲಾಸಿ ಹುಡುಗನಿಗೆ ಸ್ಟಾಪ್ ಕೇಬಲ್ ಎಳೆದು ಹಿಡಿದುಕೊಳ್ಳಲು ಹೇಳಿದೆ. ಆಗ ಡೀಸೆಲ್ ಹೋಗುವುದಿಲ್ಲ, ಎಂಜಿನ್ ಸ್ಟಾರ್ಟ್ ಆಗದೆ ಬರೀ ತಿರುಗುತ್ತದೆ. ಒಂದು ಸಲಕ್ಕೆ ಐದಾರು ಸೆಕೆಂಡ್ ಮಾತ್ರ ಸೆಲ್ಫ್, ಆಮೇಲೆ ಸ್ಟಾರ್ಟರ್ ತಣಿಯಲು ಬಿಡುವುದು.

ಈ ಟಕ ಟಕ ಯಾಕೆ ಬರುತ್ತದೆ? ಸೊಲೆನಾಯ್ಡ್ ಎಳೆದುಕೊಳ್ಳಲು ಸ್ವಲ್ಪ ಕರೆಂಟ್ ಸಾಕು. ಅದು ಎಳೆದುಕೊಂಡು ಒಳಗಿನ ಕಾಂಟ್ಯಾಕ್ಟ್ ಸೇರಿಸಿದ ಕ್ಷಣ ಮೋಟಾರ್ ನೂರಾರು ಆಂಪಿಯರ್ ಕೇಳುತ್ತದೆ. ದಾರಿಯಲ್ಲಿ ತಡೆ ಇದ್ದರೆ ವೋಲ್ಟೇಜ್ ದಬಕ್ಕನೆ ಬೀಳುತ್ತದೆ. ಸೊಲೆನಾಯ್ಡ್ ಕೈಬಿಡುತ್ತದೆ. ಲೋಡ್ (ಮೋಟಾರ್ ಎಳೆಯುವ ಕರೆಂಟ್) ಹೋದ ಕೂಡಲೇ ವೋಲ್ಟೇಜ್ ಏರುತ್ತದೆ, ಮತ್ತೆ ಎಳೆಯುತ್ತದೆ. ಬ್ಯಾಟರಿ ಸತ್ತಿದ್ದರೂ ಇದೇ ಸದ್ದು, ಕೇಬಲ್ ಕೆಟ್ಟಿದ್ದರೂ ಇದೇ ಸದ್ದು. ಕಿವಿಯಿಂದ ಬೇರೆ ಮಾಡಲು ಆಗುವುದಿಲ್ಲ.

ನಾಲ್ಕನೇ ಸಲ ಸೆಲ್ಫ್ ಹೊಡೆದಾಗ ಸೊಲೆನಾಯ್ಡ್ ಹಿಡಿದುಕೊಂಡಿತು. ಎಂಜಿನ್ ಊಂ... ಊಂ... ಅಂತ ಬಹಳ ನಿಧಾನ ಅರ್ಧ ಸುತ್ತು ತಿರುಗಿ ನಿಂತಿತು. ಇನ್ನು ಮೂರು ಸಲ ಹಾಗೇ ತಿರುಗಿಸಿ ಎಲ್ಲ ರೀಡಿಂಗ್ ಬರೆದುಕೊಂಡೆ. ಕರೆಂಟ್ 180 ಆಂಪಿಯರ್. ಬ್ಯಾಟರಿ ಕಂಬದಿಂದ (ಟರ್ಮಿನಲ್) ಕಂಬಕ್ಕೆ 23.4 ವೋಲ್ಟ್. ಸ್ಟಾರ್ಟರ್ ಬೋಲ್ಟಿನಿಂದ ಸ್ಟಾರ್ಟರ್‌ನ ಹೊರಮೈಗೆ (ಬಾಡಿ) 15.7. ನಡುವೆ 7.7 ವೋಲ್ಟ್ ಮಾಯ.

ಆ 7.7 ಎಲ್ಲಿ ಹೋಯಿತು? ಮೀಟರಿನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್ ಕಂಬದ ಮೇಲೆ, ಇನ್ನೊಂದು ಸ್ಟಾರ್ಟರ್ ಬಾಡಿ ಮೇಲೆ: ಸೆಲ್ಫ್ ಹೊಡೆಯುವಾಗ 5.8 ವೋಲ್ಟ್. ಪಾಸಿಟಿವ್ ಕಂಬದಿಂದ ಸ್ಟಾರ್ಟರ್ ಬೋಲ್ಟಿಗೆ 1.9 ವೋಲ್ಟ್. ಎರಡೂ ಕೂಡಿಸಿದರೆ 7.7. ಲೆಕ್ಕ ಸರಿ ಕೂತಿತು. ಕೇಬಲ್ ಒಳ್ಳೆಯದಿದ್ದರೆ ನೆಗೆಟಿವ್ ಕಡೆ 0.2, 0.3ಕ್ಕಿಂತ ಜಾಸ್ತಿ, ಪಾಸಿಟಿವ್ ಕಡೆ ಅರ್ಧ ವೋಲ್ಟಿಗಿಂತ ಜಾಸ್ತಿ ಬೀಳಬಾರದು.

ಈಗ ಬೀಪ್ ಬಗ್ಗೆ. 5.8 ವೋಲ್ಟನ್ನು 180ರಿಂದ ಭಾಗಿಸಿದರೆ 0.03 ಓಮ್ ತಡೆ (ರೆಸಿಸ್ಟೆನ್ಸ್) ಆಗುತ್ತದೆ, ಅಷ್ಟೇ. ಸಾಮಾನ್ಯ ಮೀಟರಿನ ಎರಡು ಕಡ್ಡಿಯ ವೈರ್‌ಗಳದ್ದೇ ಅದರ ಹಲವು ಪಟ್ಟು ರೆಸಿಸ್ಟೆನ್ಸ್ ಇರುತ್ತದೆ. ಹಾಗಿರುವಾಗ ಮೀಟರ್ ಏನು ಹೇಳಲು ಸಾಧ್ಯ? ಬೀಪ್ ಬರಲು ನೂರು ಎಳೆಯ ಕೇಬಲಿನಲ್ಲಿ ಒಂದು ಎಳೆ ಉಳಿದಿದ್ದರೂ ಸಾಕು. ಟೆಸ್ಟ್ ಲ್ಯಾಂಪಿನ ಕಥೆಯೂ ಇದೇ. ಮೂರು ಆಂಪಿಯರ್ ಎಳೆಯುವ ಬಲ್ಬಿಗೆ ಈ 0.03 ಓಮ್‌ನಲ್ಲಿ ಬೀಳುವುದು 0.1 ವೋಲ್ಟ್. ಬಲ್ಬ್ ಜಗಜಗ ಉರಿಯುತ್ತದೆ. ಲೋಡ್ ಇಲ್ಲದೆ ಅಳೆದ 25.1 ವೋಲ್ಟ್, ನಲ್ಲಿ ಮುಚ್ಚಿಟ್ಟು ಪೈಪಿನ ಒತ್ತಡ ನೋಡಿದ ಹಾಗೆ. ಪೈಪ್ ಎಷ್ಟು ಕಟ್ಟಿಕೊಂಡಿದ್ದರೂ ಒತ್ತಡ ಸರಿಯಾಗೇ ತೋರಿಸುತ್ತದೆ.

ನೆಗೆಟಿವ್ ಕಡೆ ಹುಡುಕುವುದು ಕಷ್ಟ ಆಗಲಿಲ್ಲ. ಕಡ್ಡಿಯನ್ನು ಹಂತ ಹಂತವಾಗಿ ಸರಿಸುತ್ತಾ ಬಂದೆ. ಕಂಬ, ಲಗ್ (ಕೇಬಲ್ ತುದಿಯ ಲೋಹದ ಬಳೆ), ಕೇಬಲ್, ಇನ್ನೊಂದು ತುದಿಯ ಲಗ್, ಇಷ್ಟರ ತನಕ ಸರಿ. ಲಗ್‌ನಿಂದ ಎಂಜಿನ್ ಬ್ಲಾಕಿಗೆ ಬಂದಾಗ ಮೀಟರ್ 5.6ಕ್ಕೆ ಹಾರಿತು. ಅರ್ಧ ಇಂಚು ಜಾಗದಲ್ಲಿ ಅಷ್ಟು ವೋಲ್ಟ್.

ಬ್ಯಾಟರಿ ನೆಗೆಟಿವ್ ಬಿಚ್ಚಿಟ್ಟು ಆ ಬೋಲ್ಟ್ ತೆಗೆದೆ. ಸುಟ್ಟ ಪೇಂಟಿನ ವಾಸನೆ ಬಂತು. ಲಗ್ ಎತ್ತಿದರೆ ಅಡಿಯಲ್ಲಿ ನುಣ್ಣನೆಯ ಹಸಿರು ಪೇಂಟ್! ರಜೆಯಲ್ಲಿ ಎಂಜಿನ್ ಪೇಂಟ್ ಮಾಡುವಾಗ ಕೇಬಲ್ ಬಿಚ್ಚಿದ್ದಾರೆ, ಲಗ್ ಕೂರುವ ಜಾಗಕ್ಕೂ ಪೇಂಟ್ ಹೊಡೆದಿದ್ದಾರೆ, ಒಣಗಿದ ಮೇಲೆ ಅದರ ಮೇಲೆಯೇ ಲಗ್ ಬಿಗಿದಿದ್ದಾರೆ. ಸ್ಟಾರ್ಟರ್‌ನ ಇಡೀ ಕರೆಂಟ್ ಬೋಲ್ಟಿನ ನಾಲ್ಕು ಮರೆಯ (ಥ್ರೆಡ್) ಮೇಲೆ ಹೋಗುತ್ತಿತ್ತು. ಆ ಮರೆಗಳು ಕಾದು ನೀಲಿ ಬಣ್ಣಕ್ಕೆ ತಿರುಗಿದ್ದವು. ಟ್ರಯಲ್ ದಿನ ಮರೆ ಹೊಸದಾಗಿ ಕಚ್ಚಿದ್ದರಿಂದ ಎಂಜಿನ್ ಎದ್ದಿತು. ಎಂಜಿನ್ನಿನ ನಡುಕ, ಉಪ್ಪಿನ ಗಾಳಿ, ಬಿಸಿ ಎಲ್ಲ ಸೇರಿ ಆ ಹಿಡಿತ ದಿನಾ ಸ್ವಲ್ಪ ಸ್ವಲ್ಪ ಹೋಯಿತು.

ಪೇಂಟ್ ಮಾಡಿದವನನ್ನು ಯಾರೋ ಬೈದರು. ನನಗೆ ಹಾಗೆ ಅನಿಸಲಿಲ್ಲ. ಅವನ ಕೆಲಸ ಅವನು ಚೆನ್ನಾಗಿಯೇ ಮಾಡಿದ್ದಾನೆ. ಆ ಒಂದು ರೂಪಾಯಿ ನಾಣ್ಯದಷ್ಟು ಜಾಗ ಬಿಡಬೇಕು ಅಂತ ಅವನಿಗೆ ಯಾರೂ ಹೇಳಿರಲಿಲ್ಲ.

ಪೇಂಟ್ ಕೆರೆದು, ಎಮರಿ ಪೇಪರ್ ಹಾಕಿ ಕಬ್ಬಿಣ ಬೆಳ್ಳಗೆ ಹೊಳೆಯುವ ತನಕ ಉಜ್ಜಿದೆ. ಲಗ್ಗನ್ನೂ ಉಜ್ಜಿದೆ. ಹೊಸ ಬೋಲ್ಟ್, ಸ್ಪ್ರಿಂಗ್ ವಾಷರ್ ಹಾಕಿ ಬಿಗಿದು, ಆಮೇಲೆ ಹೊರಗಿನಿಂದ ಗ್ರೀಸ್ ಸವರಿದೆ. ಗ್ರೀಸ್ ಮೊದಲು ಅಲ್ಲ, ಬಿಗಿದ ಮೇಲೆ.

ಸೆಲ್ಫ್ ಹೊಡೆದರು. ಎಂಜಿನ್ ಎದ್ದಿತು. ಮೇಲಿನಿಂದ ಕೂಗು, ನಗು. ತಾಂಡೇಲರು ಹಗ್ಗ ಬಿಚ್ಚಲು ಹೇಳಿಯೇ ಬಿಟ್ಟಿದ್ದರು.

"ಇನ್ನೊಂದು ಗಂಟೆ ಕೊಡಿ"

ನನ್ನ ಪುಸ್ತಕದಲ್ಲಿ ಆ 1.9 ಹಾಗೇ ಕೂತಿತ್ತು. ಎಂಜಿನ್ ನಿಲ್ಲಿಸಲು ಹೇಳಿ, ಸ್ಟಾಪ್ ಕೇಬಲ್ ಎಳೆದು ಮತ್ತೆ ತಿರುಗಿಸಿ ಅಳೆದೆ. ಈಗ ಕರೆಂಟ್ 250 ಆಂಪಿಯರ್. ಬ್ಯಾಟರಿಯಲ್ಲಿ 22.4, ನೆಗೆಟಿವ್ ಕಡೆ 0.2, ಪಾಸಿಟಿವ್ ಕಡೆ 2.7. ಸ್ಟಾರ್ಟರ್‌ಗೆ ಸಿಕ್ಕಿದ್ದು 19.5.

ಪಾಸಿಟಿವ್ ಕಡೆ ಹೊಸದಾಗಿ ಏನೂ ಕೆಡಲಿಲ್ಲ. ದೊಡ್ಡ ತಡೆ ಹೋದದ್ದರಿಂದ ಕರೆಂಟ್ ಜಾಸ್ತಿ ಹರಿಯಿತು, ಹಾಗಾಗಿ ಸಣ್ಣ ತಡೆಯ ಮೇಲೆ ಬೀಳುವ ವೋಲ್ಟೂ ಜಾಸ್ತಿ ಆಯಿತು. ಇದನ್ನು ಬಿಟ್ಟು ಕಳಿಸಿದರೆ ಇವತ್ತು ಎಂಜಿನ್ ಏಳುತ್ತದೆ, ನಾಳೆಯೂ ಏಳುತ್ತದೆ. ಆರನೇ ದಿನ, ಬ್ಯಾಟರಿ ಸ್ವಲ್ಪ ಇಳಿದಾಗ, ಮತ್ತೆ ಟಕ ಟಕ.

"ಐಸ್ ಕರಗ್ತದೆ ಮಾರಾಯ್ರೆ, ಬಂದ ಮೇಲೆ ನೋಡುವ" ಅಂದರು ತಾಂಡೇಲರು. ಅವರ ಅವಸರ ನನಗೆ ಅರ್ಥ ಆಗುತ್ತದೆ. ನಾನು ಮೀಟರ್ ಅವರ ಕೈಗೆ ಕೊಟ್ಟು, ಕಡ್ಡಿ ಇಡುವ ಜಾಗ ತೋರಿಸಿ, ಹುಡುಗನಿಗೆ ಸೆಲ್ಫ್ ಹೊಡೆಯಲು ಹೇಳಿದೆ. 2.7 ಅವರೇ ಕಣ್ಣಾರೆ ನೋಡಿದರು. "ಇದು ಸೊನ್ನೆ ಹತ್ತಿರ ಇರಬೇಕು" ಅಂದೆ. ಒಂದು ನಿಮಿಷ ಸುಮ್ನೆ ನಿಂತರು. "ಒಂದು ಗಂಟೆ. ಜಾಸ್ತಿ ಬೇಡ" ಅಂದರು.

ಮತ್ತೆ ಹಂತ ಹಂತ. ಕಂಬದಿಂದ ಲಗ್‌ಗೆ 0.1. ಅಲ್ಲಿಂದ ಮೇನ್ ಸ್ವಿಚ್‌ಗೆ 0.2. ಸ್ವಿಚ್ಚಿನ ಒಳಗೆ 0.2. ಸ್ವಿಚ್‌ನಿಂದ ಸ್ಟಾರ್ಟರ್‌ಗೆ 2.2. ಆ ಕೇಬಲ್ ಹೊರಗಿನಿಂದ ನೋಡಲು ಚೆಂದವೇ ಇತ್ತು. ಲಗ್ ಹತ್ತಿರ ಕಪ್ಪು ಟೇಪ್ ಅಚ್ಚುಕಟ್ಟಾಗಿ ಸುತ್ತಿದ್ದರು. ಕೈ ಇಟ್ಟರೆ ಟೇಪಿನ ಜಾಗ ಬೆಚ್ಚಗೆ, ಒಂದು ಗೇಣು ಮೇಲೆ ತಣ್ಣಗೆ. ಕರೆಂಟ್ ಎಲ್ಲಿ ತಡೆಯುತ್ತದೋ ಅಲ್ಲಿ ಬಿಸಿ. ಮೀಟರ್ ಇಲ್ಲದಿದ್ದಾಗಲೂ ಈ ಒಂದು ಪರೀಕ್ಷೆ ಮಾಡಬಹುದು.

ಟೇಪ್ ಬಿಚ್ಚಿದೆ. ಒಳಗೆ ಲಗ್‌ನ ಕುತ್ತಿಗೆಯಲ್ಲಿ ಹಸಿರು ಪುಡಿ. ಬೆರಳಲ್ಲಿ ತಿಕ್ಕಿದರೆ ತಾಮ್ರದ ಎಳೆಗಳು ಒಣ ಹುಲ್ಲಿನ ಹಾಗೆ ಮುರಿದು ಬಿದ್ದವು. ಕೇಬಲನ್ನು ಒಂದು ಗೇಣು ಕತ್ತರಿಸಿದೆ, ಒಳಗೆ ಕಪ್ಪು. ಇನ್ನೊಂದು ಗೇಣು ಕತ್ತರಿಸಿದೆ, ಆಗಲೂ ಕಪ್ಪು. ಕೆಂಪು ತಾಮ್ರ ಕಂಡದ್ದು ಒಂದು ಮೊಳ ದಾಟಿದ ಮೇಲೆ. ಸ್ಟಾರ್ಟರ್ ಎಂಜಿನ್ನಿನ ಕೆಳಭಾಗದಲ್ಲಿ ಇರುತ್ತದೆ. ತಳದಲ್ಲಿ ನಿಂತ ಉಪ್ಪುನೀರನ್ನು ಫ್ಲೈವೀಲ್ ಚಿಮುಕಿಸುತ್ತದೆ. ಟೇಪಿನ ಸಂದಿನಿಂದ ಒಳಗೆ ಹೋದ ನೀರು ದೀಪದ ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ ಎಳೆಗಳ ನಡುವೆ ಮೇಲೆ ಏರುತ್ತದೆ. ಟೇಪ್ ಆ ನೀರನ್ನು ಹೊರಗೆ ಬಿಡದೆ ಕಾಪಾಡುತ್ತದೆ. ಬೋಟಿನಲ್ಲಿ ಬರೀ ಇನ್ಸುಲೇಷನ್ ಟೇಪ್ ಸುತ್ತುವುದು ಬೇಡ ಅಂತ ನಾನು ಹೇಳುತ್ತಲೇ ಬಂದಿದ್ದೇನೆ. ಏನೂ ಸುತ್ತದಿದ್ದರೆ ಕೊಳೆಯುವುದು ಕಣ್ಣಿಗಾದರೂ ಕಾಣುತ್ತದೆ.

ಕತ್ತರಿಸಿ ಹೊಸ ಲಗ್ ಹಾಕಲು ಉದ್ದ ಸಾಲದು. ಇಡೀ ಕೇಬಲ್ ಬದಲಿಸಿದೆ. 70 ಚದರ ಮಿಲಿಮೀಟರಿನ, ಎಳೆ ಎಳೆಗೂ ತವರ ಹಚ್ಚಿದ ತಾಮ್ರದ ಕೇಬಲ್ ಹಾಕಿದೆ. ಬೆಲೆ ಜಾಸ್ತಿ, ಆದರೆ ಉಪ್ಪಿಗೆ ಬೇಗ ಸೋಲುವುದಿಲ್ಲ. ಲಗ್ಗನ್ನು ಸುತ್ತಿಗೆಯಿಂದ ಚಪ್ಪಟೆ ಮಾಡದೆ ಹೈಡ್ರಾಲಿಕ್ ಕ್ರಿಂಪರ್‌ನಲ್ಲಿ ಒತ್ತಿದೆ. ಮೇಲೆ, ಒಳಗೆ ಅಂಟು ಇರುವ ಹೀಟ್‌ಶ್ರಿಂಕ್ (ಬಿಸಿಗೆ ಕುಗ್ಗುವ ಕೊಳವೆ) ಹಾಕಿ, ಎರಡೂ ತುದಿಯಿಂದ ಅಂಟು ಹೊರಗೆ ಉಕ್ಕುವ ತನಕ ಕಾಯಿಸಿದೆ. ಕೇಬಲನ್ನು ನೀರಿಗಿಂತ ಮೇಲೆ ಎತ್ತಿ ಕ್ಲಿಪ್ ಹೊಡೆದೆ.

ಕೊನೆಯ ರೀಡಿಂಗ್: 270 ಆಂಪಿಯರ್, ಬ್ಯಾಟರಿ 22.6, ನೆಗೆಟಿವ್ 0.1, ಪಾಸಿಟಿವ್ 0.4, ಸ್ಟಾರ್ಟರ್ 22.1.

ನೀರು ಕುಡಿಯುವ ಬ್ಯಾಟರಿ

ಕ್ರಿಂಪರ್ ಹಿಡಿದು ಕೆಲಸ ಮಾಡುವಾಗ ಕಲಾಸಿ ಹುಡುಗ ಪಕ್ಕದಲ್ಲೇ ಕೂತಿದ್ದ. ಹಳೆ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕುವುದು ಅವನ ಕೆಲಸ ಆಗಿತ್ತಂತೆ. "ಒಂದಕ್ಕೆ ಯಾವಾಗಲೂ ಹಾಕಬೇಕಿತ್ತು ಅಣ್ಣ. ಇನ್ನೊಂದಕ್ಕೆ ಬೇಕೇ ಇರಲಿಲ್ಲ" ಅಂದ.

ನನ್ನ ಕೈ ನಿಂತಿತು. ಎದ್ದು ಹೋಗಿ ಹೊಸ ಬ್ಯಾಟರಿಗಳನ್ನು ಬೇರೆ ಬೇರೆಯಾಗಿ ಅಳೆದೆ. ಒಂದರಲ್ಲಿ 12.8, ಇನ್ನೊಂದರಲ್ಲಿ 12.2. ಕೂಡಿಸಿದರೆ 25. ಮೊತ್ತ ಮಾತ್ರ ನೋಡಿದರೆ ಪರವಾಗಿಲ್ಲ ಅನಿಸುತ್ತದೆ, ಅಲ್ವಾ? ಬಿಡಿಸಿ ನೋಡಿದರೆ ಒಂದು ಫುಲ್ ಇದೆ, ಇನ್ನೊಂದು ಅರ್ಧಕ್ಕೆ ಬಂದಿದೆ. ಹಾಕಿ ಎರಡು ವಾರ ಆಗಿದೆ ಅಷ್ಟೇ.

ಕಾರಣ ವ್ಹೀಲ್‌ಹೌಸಿನಲ್ಲಿ ಸಿಕ್ಕಿತು. ವೈರ್‌ಲೆಸ್, ಜಿಪಿಎಸ್, ಎಲ್‌ಇಡಿ ದೀಪಗಳು 12 ವೋಲ್ಟಿನವು. ಅವಕ್ಕೆ ಯಾರೋ ಕೆಳಗಿನ ಬ್ಯಾಟರಿ ಒಂದರಿಂದಲೇ ಲೈನ್ ಎಳೆದಿದ್ದರು. ಲಂಗರು ಹಾಕಿದ ರಾತ್ರಿ ಎಲ್ಲ ಆ ಒಂದೇ ಬ್ಯಾಟರಿ ಖಾಲಿ ಆಗುತ್ತದೆ. ಬೆಳಿಗ್ಗೆ ಡೈನಮೋ ಚಾರ್ಜ್ ಮಾಡುವಾಗ ಸೀರೀಸ್ ಆದ್ದರಿಂದ ಎರಡಕ್ಕೂ ಒಂದೇ ಕರೆಂಟ್ ಹೋಗುತ್ತದೆ. ತುಂಬಿದ ಬ್ಯಾಟರಿ ಬೇಗ ಉಕ್ಕಿ ನೀರನ್ನು ಗ್ಯಾಸ್ ಮಾಡಿ ಕಳೆದುಕೊಳ್ಳುತ್ತದೆ. ರೆಗ್ಯುಲೇಟರ್ ನೋಡುವುದು ಒಟ್ಟು 28 ವೋಲ್ಟ್ ಮಾತ್ರ. ಅದು ಬಂದ ಕೂಡಲೇ ಚಾರ್ಜ್ ಇಳಿಸುತ್ತದೆ. ಖಾಲಿ ಬ್ಯಾಟರಿ ಯಾವತ್ತೂ ತುಂಬುವುದಿಲ್ಲ, ಅದರ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತಾ ಹೋಗುತ್ತದೆ. ಸೆಲ್ಫ್ ಹೊಡೆಯುವಾಗ ಜಿಪಿಎಸ್ ಆಫ್ ಆಗಿ ಮತ್ತೆ ಆನ್ ಆಗುತ್ತದೆ ಅಂತ ಅವರು ಹೇಳಿದ್ದಕ್ಕೂ ಈ ಅರೆಹೊಟ್ಟೆಯ ಬ್ಯಾಟರಿಯೇ ಕಾರಣ.

ಮಾಲೀಕರಿಗೆ ಫೋನ್ ಮಾಡಿ ಹೇಳಿದೆ. 24ರಿಂದ 12 ವೋಲ್ಟ್ ಮಾಡುವ ಕನ್ವರ್ಟರ್ ಒಂದನ್ನು ಅಂಗಡಿಯಿಂದ ತಕ್ಷಣ ಕಳಿಸಿಕೊಟ್ಟರು. ಅದನ್ನು ಎರಡೂ ಬ್ಯಾಟರಿ ಸೇರಿದ 24 ವೋಲ್ಟಿಗೆ ಫ್ಯೂಸ್ ಹಾಕಿ ಜೋಡಿಸಿ, 12 ವೋಲ್ಟಿನ ಸಾಮಾನೆಲ್ಲ ಅದಕ್ಕೆ ಕೊಟ್ಟೆ. ಇಳಿದ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಲು ಹೊತ್ತು ಇರಲಿಲ್ಲ. ಅಂಗಡಿಯಲ್ಲಿ ಚಾರ್ಜ್ ಆಗಿದ್ದ ಅದೇ ಅಳತೆಯ ಒಂದು ಬ್ಯಾಟರಿಯನ್ನು ಬದಲಿಗೆ ಕೊಟ್ಟು ಕಳಿಸಿದೆವು. ಸುಟ್ಟ ಆ 2.5 ಚದರ ಎಂಎಂ ವೈರನ್ನು ಬದಲಿಸಿ ಅದಕ್ಕೂ ಒಂದು ಸಣ್ಣ ಫ್ಯೂಸ್ ಹಾಕಿದೆ.

ಒಂದು ಗಂಟೆ ಅಂದದ್ದು ಮೂರು ಗಂಟೆ ಆಯಿತು. ತಾಂಡೇಲರು ಗಡಿಯಾರ ನೋಡಿದರು, ಏನೂ ಹೇಳಲಿಲ್ಲ. ಹೊರಡುವ ಮೊದಲು ಎಂಜಿನ್ ರೂಮಿನ ಬಾಗಿಲ ಹಿಂದೆ ಪೇಂಟ್ ಮಾರ್ಕರ್‌ನಲ್ಲಿ ಕೊನೆಯ ರೀಡಿಂಗ್ ಐದನ್ನೂ ತಾರೀಕಿನ ಜೊತೆ ಬರೆದೆ. ಮುಂದೆ ಯಾರೇ ಬಂದು ಮೀಟರ್ ಹಿಡಿದರೂ ಹೋಲಿಸಲು ಒಂದು ಅಳತೆ ಬೇಕು. ನೆಗೆಟಿವ್ ಲಗ್ ಪಕ್ಕದಲ್ಲಿ "ಇಲ್ಲಿ ಪೇಂಟ್ ಬೇಡ" ಅಂತಲೂ ಬರೆದೆ. ರಾತ್ರಿ ಎಂಟರ ಸುಮಾರಿಗೆ ಬೋಟ್ ಅಳಿವೆ ದಾಟಿತು.

ಹನ್ನೊಂದನೇ ದಿನ ವಾಪಸ್ ಬಂದಾಗ ನಾನೇ ಹೋಗಿ ನೋಡಿದೆ. ಎರಡೂ ಬ್ಯಾಟರಿ 12.7. ಪಾಸಿಟಿವ್ 0.4, ನೆಗೆಟಿವ್ 0.2. ಆ 0.1 ಯಾಕೆ ಏರಿತು ಅಂತ ಅರ್ತ್ ಬೋಲ್ಟಿಗೆ ಸ್ಪ್ಯಾನರ್ ಹಾಕಿದರೆ ಕಾಲು ಸುತ್ತು ತಿರುಗಿತು. ಹೊಸ ಬೋಲ್ಟ್ ಕೂತುಕೊಂಡು ಸಡಿಲ ಆಗಿತ್ತು. ಬಿಗಿದ ಮೇಲೆ ಮತ್ತೆ 0.1.